ನಾಳೆ ಎಂಬ ನೆಪ, ಇಂದು ಎಂಬ ಕರೆ

ಪರೀಕ್ಷೆಯ ವೇಳಾಪಟ್ಟಿ ಸೂಚನಾ ಫಲಕಕ್ಕೆ ಏರಿದೊಡನೆ ನಮ್ಮ ಕಾಲೇಜುಗಳ ಪ್ರಾರ್ಥನಾಲಯಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತದೆ. ಮೇಣದ ಬತ್ತಿಗಳು ಹೆಚ್ಚು ಉರಿಯುತ್ತವೆ, ಸಂತ ಅಂತೋಣಿಯವರಿಗೆ ಹರಕೆಗಳು ಸಲ್ಲುತ್ತವೆ. ಸೆಮಿಸ್ಟರಿನ ಆರಂಭದಲ್ಲಿ ಕೊಟ್ಟ ಅಸೈನ್‌ಮೆಂಟ್ ಕೊನೆಯ ರಾತ್ರಿಯಲ್ಲಿ ಸಿದ್ಧವಾಗುತ್ತದೆ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಗೆಳೆಯನ ಪುಸ್ತಕದಿಂದ ಅವಸರವಾಗಿ ನಕಲಾಗುತ್ತದೆ. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯನ್ನು ಕೇಳದವರು ಇವರಲ್ಲಿ ಯಾರೂ ಇರಲಾರರು. ಆದರೂ ಮುಂದೂಡುವ ಅಭ್ಯಾಸ ನಮ್ಮ ಯುವಜನರನ್ನು ಬಿಡುತ್ತಿಲ್ಲವೇಕೆ? ಇದು ನಿಜವಾಗಿಯೂ ಸಮಯದ ಅಭಾವವೇ?

ಅನುಕೂಲದ ಸಮಯ

ಪ್ರೇಷಿತರ ಕಾರ್ಯಕಲಾಪಗಳ 24ನೆಯ ಅಧ್ಯಾಯದಲ್ಲಿ ಇದಕ್ಕೊಂದು ಉತ್ತರವಿದೆ. ಕೈಸರಿಯದಲ್ಲಿ ಸೆರೆಯಲ್ಲಿದ್ದ ಸಂತ ಪೌಲರ ಮಾತನ್ನು ರಾಜ್ಯಪಾಲ ಫೆಲಿಕ್ಸನು ತನ್ನ ಪತ್ನಿ ದ್ರುಸಿಲ್ಲಳೊಡನೆ ಕುಳಿತು ಆಲಿಸಿದನು. ನ್ಯಾಯ, ಸಂಯಮ, ಮುಂಬರುವ ತೀರ್ಪು ಇವುಗಳ ವಿಷಯ ಬಂದಾಗ ಅವನಿಗೆ ಭಯವಾಯಿತು. ಅನುಕೂಲವಾದಾಗ ಮತ್ತೆ ಕರೆಸುವುದಾಗಿ ಹೇಳಿ ಪೌಲರನ್ನು ಕಳುಹಿಸಿಬಿಟ್ಟನು. ಅವನಿಗೆ ಬಿಡುವಿರಲಿಲ್ಲವೆಂದಲ್ಲ. ಲಂಚದ ಆಸೆಯಿಂದ ಪೌಲರನ್ನು ಆತ ಅನೇಕ ಸಲ ಕರೆಸಿ ಮಾತನಾಡಿದ್ದುಂಟು. ಆದರೆ ತೀರ್ಮಾನವನ್ನು ಮಾತ್ರ ಕೈಗೊಳ್ಳಲಿಲ್ಲ. ಎರಡು ವರ್ಷಗಳು ಉರುಳಿದವು, ಫೆಲಿಕ್ಸನ ಸ್ಥಾನಕ್ಕೆ ಫೆಸ್ತನು ಬಂದನು, ಪೌಲರು ಸೆರೆಯಲ್ಲಿಯೇ ಉಳಿದರು.

ಮುಂದೂಡಿದವನು ಒಬ್ಬ, ಅದರ ಕಷ್ಟ ಉಂಡವರು ಇನ್ನೊಬ್ಬರು ಎಂಬುದನ್ನು ಇಲ್ಲಿ ಗಮನಿಸಬೇಕು. ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಹಣ ಕಳುಹಿಸುವ ತಂದೆ, ಬೀಡಿ ಕಟ್ಟಿ ಶುಲ್ಕ ಹೊಂದಿಸುವ ತಾಯಿ, ಅಣ್ಣನ ಓದು ಮುಗಿಯಲೆಂದು ಕಾಯುತ್ತಿರುವ ತಂಗಿ, ಇವರೆಲ್ಲರೂ ವಿದ್ಯಾರ್ಥಿಯ ‘ನಾಳೆ’ಗೆ ಬೆಲೆ ತೆರುತ್ತಾರೆ. ಒಂದು ವರ್ಷ ವ್ಯರ್ಥವಾದರೆ ಅದು ಅಂಕಪಟ್ಟಿಯಲ್ಲಿ ಮಾತ್ರ ದಾಖಲಾಗುವುದಿಲ್ಲ.

ಸತ್ಕಾರ್ಯದ ವೇಷದಲ್ಲಿ

ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಸಂನ್ಯಾಸಿ ಎವಾಗ್ರಿಯಸ್ ಈ ಮನೋವ್ಯಾಧಿಯನ್ನು ‘ಮಧ್ಯಾಹ್ನದ ಪಿಶಾಚಿ’ ಎಂದು ಗುರುತಿಸಿದರು. ಹಗಲು ಮುಗಿಯದಷ್ಟು ದೀರ್ಘವಾಗಿ ತೋರುತ್ತದೆ. ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ. ಈ ಜಾಗ ಬಿಟ್ಟು ಬೇರೆಲ್ಲಿಗಾದರೂ ಹೋದರೆ ಸಾಕೆನಿಸುತ್ತದೆ. ಅವರ ನಂತರ ಬಂದ ಜಾನ್ ಕಾಸಿಯನ್ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಕಂಡುಕೊಂಡರು. ತನ್ನ ಕೋಣೆಯ ಕೆಲಸ ಬೇಸರವಾದ ಸಂನ್ಯಾಸಿಗೆ ಥಟ್ಟನೆ ರೋಗಿಗಳನ್ನು ಸಂದರ್ಶಿಸುವ, ದೂರದ ಸಹೋದರರ ಯೋಗಕ್ಷೇಮ ವಿಚಾರಿಸುವ ಬಯಕೆ ಹುಟ್ಟುತ್ತದೆಯಂತೆ. ಆಲಸ್ಯ ಪುಣ್ಯಕಾರ್ಯದ ಉಡುಪು ಧರಿಸಿ ಬರುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗಾಯನ ಮಂಡಳಿಯ ಅಭ್ಯಾಸ, ಯುವಜನ ಸಂಘಟನೆಯ ಸಭೆ, ಧರ್ಮಕೇಂದ್ರದ ಹಬ್ಬದ ತಯಾರಿ, ರಕ್ತದಾನ ಶಿಬಿರ ಇವೆಲ್ಲವೂ ಒಳ್ಳೆಯವೇ. ಇವುಗಳಿಲ್ಲದೆ ಕ್ರೈಸ್ತ ವಿದ್ಯಾರ್ಥಿಜೀವನ ಬಡವಾಗುತ್ತದೆ. ಆದರೆ ಲೆಕ್ಕಶಾಸ್ತ್ರದ ಪುಸ್ತಕ ತೆರೆಯುವ ಹೊತ್ತಿಗೇ ಸಭೆಯ ನೆನಪು ಏಕೆ ಬರುತ್ತದೆಂದು ಒಮ್ಮೆ ಪ್ರಶ್ನಿಸಿಕೊಳ್ಳಬೇಕು. ಮೊಬೈಲಿನ ಮುಂದೆ ಕಳೆದ ಎರಡು ತಾಸಿಗೆ ಮನಸ್ಸಾಕ್ಷಿ ಚುಚ್ಚುತ್ತದೆ, ಸತ್ಕಾರ್ಯದ ಹೆಸರಿನಲ್ಲಿ ತಪ್ಪಿಸಿಕೊಂಡ ಎರಡು ತಾಸಿಗೆ ಅದು ಚುಚ್ಚುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಬಾರ್ಸೆಲೋನಾದ ಹಿರಿಯ ವಿದ್ಯಾರ್ಥಿ

ಯೇಸುಸಭೆಯ ಸಂಸ್ಥಾಪಕ ಸಂತ ಇಗ್ನೇಷಿಯಸರು ಈ ಬಲೆಗೆ ಸಿಕ್ಕಿ ಹೊರಬಂದವರು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಗಾಯಗೊಂಡು ಜೀವನದ ದಿಕ್ಕನ್ನೇ ಬದಲಿಸಿಕೊಂಡ ಅವರು, 1524ರಲ್ಲಿ, ಮೂವತ್ತು ದಾಟಿದ ಮೇಲೆ, ಬಾರ್ಸೆಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲಾರಂಭಿಸಿದರು. ಕಂಠಪಾಠಕ್ಕೆ ಕುಳಿತೊಡನೆ ಹೊಸ ಹೊಸ ಆಧ್ಯಾತ್ಮಿಕ ಚಿಂತನೆಗಳು, ದಿವ್ಯವಾದ ಆನಂದ ಅವರ ಮನವನ್ನು ತುಂಬುತ್ತಿದ್ದವು, ಪಾಠ ಹಿಂದೆ ಬೀಳುತ್ತಿತ್ತು. ಬಲಿಪೂಜೆಯಲ್ಲಾಗಲೀ ಪ್ರಾರ್ಥನೆಯಲ್ಲಾಗಲೀ ಬಾರದಷ್ಟು ತೀವ್ರವಾಗಿ ಈ ಭಾವಗಳು ಪಾಠದ ವೇಳೆಗೇ ಬರುತ್ತಿರುವುದನ್ನು ಅವರು ಗಮನಿಸಿದರು. ಇದು ದೈವಪ್ರೇರಣೆಯಲ್ಲ, ಶೋಧನೆ ಎಂದು ಅರಿತರು. ಗುರುಗಳನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ತಿಳಿಸಿದರು. ರೊಟ್ಟಿ ನೀರು ಸಿಗುವವರೆಗೆ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಅವರಿಗೆ ಮಾತುಕೊಟ್ಟರು. ಅಲ್ಲಿಂದ ಮುಂದೆ ಆ ಶೋಧನೆ ಅಲ್ಲಿ ಕಾಡಲಿಲ್ಲ.

ಮುಂದೆ ತಮ್ಮ ಸಭೆಯ ನಿಯಮಗಳನ್ನು ರಚಿಸುವಾಗ ಅವರು ಈ ಅನುಭವವನ್ನು ಮರೆಯಲಿಲ್ಲ. ಓದಿನ ಹುರುಪಿನಲ್ಲಿ ಭಕ್ತಿ ತಣ್ಣಗಾಗಬಾರದು, ಆದರೆ ಓದುವ ಕಾಲದಲ್ಲಿ ಪ್ರಾರ್ಥನೆ, ವ್ರತಗಳು ಮಿತಿ ಮೀರಲೂಬಾರದು ಎಂಬುದು ಅವರ ವಿಧಿ. ದಿನದ ಪೂಜೆಯ ಹೊರತಾಗಿ ಪ್ರಾರ್ಥನೆಗೆ ಅವರು ನಿಗದಿಗೊಳಿಸಿದ್ದು ಸುಮಾರು ಒಂದು ಗಂಟೆ. ಅದರಲ್ಲಿಯೇ ದಿನಕ್ಕೆರಡು ಬಾರಿ ಆತ್ಮಶೋಧನೆಯೂ ಸೇರಿತ್ತು. ದೇವರ ಸೇವೆಗಾಗಿ ಮಾಡುವ ಅಧ್ಯಯನವೂ ಪ್ರಾರ್ಥನೆಯೇ ಎಂಬ ಈ ದೃಷ್ಟಿಯೇ 1880ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಂತಹ ಯೇಸುಸಭೆಯ ವಿದ್ಯಾಸಂಸ್ಥೆಗಳ ತಳಹದಿ.

ಭಯವೂ ಒಂದು ಕಾರಣ

ಮುಂದೂಡುವವರೆಲ್ಲರೂ ಸೋಮಾರಿಗಳೆಂದು ತೀರ್ಮಾನಿಸುವುದು ಅನ್ಯಾಯ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗಿಗೆ ಇಂಗ್ಲಿಷ್ ಪಠ್ಯದ ಮೊದಲ ಪುಟವೇ ಗೋಡೆಯಂತೆ ಎದುರು ನಿಲ್ಲುತ್ತದೆ. ಬರೆದರೆ ತಪ್ಪಾದೀತು, ತಪ್ಪಾದರೆ ನಗೆಗೀಡಾದೇನು ಎಂಬ ಅಂಜಿಕೆಯಿಂದ ಆಕೆ ಬರೆಯುವುದನ್ನೇ ಮುಂದೂಡುತ್ತಾಳೆ. ಇಂತಹವರಿಗೆ ಬೇಕಾದುದು ಬುದ್ಧಿವಾದವಲ್ಲ, ಪಕ್ಕದಲ್ಲಿ ಕುಳಿತು ಮೊದಲ ಪುಟವನ್ನು ಬಿಡಿಸಿ ಹೇಳುವ ಒಬ್ಬ ಅಧ್ಯಾಪಕ ಅಥವಾ ಹಿರಿಯ ವಿದ್ಯಾರ್ಥಿ. ದಿನಗಟ್ಟಲೆ ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ನಿದ್ರೆ ಊಟಗಳೂ ಕೆಟ್ಟರೆ, ಆಪ್ತಸಲಹೆಗಾರರನ್ನೋ ವೈದ್ಯರನ್ನೋ ಕಾಣಲು ನಾಚಬೇಕಾಗಿಲ್ಲ.

ಎರಡು ಪರೀಕ್ಷೆ ಬಾಕಿಯಿದ್ದ ಸಂತ

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಪದವಿಗೇರಿಸಿದ ಪಿಯರ್ ಜಾರ್ಜಿಯೊ ಫ್ರಸ್ಸಾತಿ ಕಾಲೇಜು ವಿದ್ಯಾರ್ಥಿಯಾಗಿಯೇ ತೀರಿಕೊಂಡವರು. 1901ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಅವರು ಗಣಿ ಕಾರ್ಮಿಕರ ಸೇವೆಯ ಹಂಬಲದಿಂದ ಗಣಿ ಇಂಜಿನಿಯರಿಂಗ್ ಓದನ್ನು ಆರಿಸಿಕೊಂಡರು. ಪರ್ವತಾರೋಹಣ, ಗೆಳೆಯರ ಬಳಗ, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲಕ ಬಡವರ ಸೇವೆ, ನಿತ್ಯದ ಪರಮಪ್ರಸಾದ ಇವೆಲ್ಲ ಅವರ ಬದುಕಿನಲ್ಲಿದ್ದವು. ಓದು ಅವರಿಗೆ ಸುಲಭವಾಗಿರಲಿಲ್ಲ, ಆದರೂ ಅದನ್ನು ಕೈಬಿಡಲಿಲ್ಲ. 1925ರ ಜುಲೈ 4ರಂದು ಪೋಲಿಯೋದಿಂದ ಅಸುನೀಗಿದಾಗ ಪದವಿಗೆ ಎರಡು ಪರೀಕ್ಷೆಗಳಷ್ಟೇ ಬಾಕಿಯಿದ್ದವು. ಸಾವಿನ ಹಿಂದಿನ ದಿನ, ಪಾರ್ಶ್ವವಾಯು ಬಡಿದ ಕೈಯಿಂದ, ಒಬ್ಬ ಬಡ ರೋಗಿಗೆ ತಲುಪಬೇಕಾಗಿದ್ದ ಚುಚ್ಚುಮದ್ದಿನ ಕುರಿತು ಗೆಳೆಯನಿಗೆ ಚೀಟಿ ಬರೆದರು. ಆ ಕೆಲಸ ನಾಳೆಗೆ ಉಳಿಯಲಿಲ್ಲ.

ದಿನದ ಪಾಲು ದಿನಕ್ಕೆ

ಸಮತೋಲನವೆಂದರೆ ಎಲ್ಲದಕ್ಕೂ ಸಮನಾದ ಗಂಟೆಗಳನ್ನು ಹಂಚುವುದಲ್ಲ, ಆಯಾ ಹೊತ್ತಿನ ಕರ್ತವ್ಯಕ್ಕೆ ಪೂರ್ಣ ಮನಸ್ಸನ್ನು ಕೊಡುವುದು. ಅತ್ಯಂತ ಕಠಿಣವೆನಿಸುವ ವಿಷಯಕ್ಕೆ ಬೆಳಗಿನ ಮೊದಲ ತಾಸನ್ನು ಮೀಸಲಿಡಿ. ಆ ತಾಸಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ದೊಡ್ಡ ಕೆಲಸವನ್ನು ದಿನಕ್ಕೆ ಒಂದು ಪುಟದಂತೆ ಒಡೆಯಿರಿ. ಒಂದು ಸೆಮಿಸ್ಟರಿಗೆ ಒಂದೋ ಎರಡೋ ಸಂಘಟನೆಗಳ ಹೊಣೆ ಸಾಕು. ಉಳಿದವುಗಳಿಗೆ ವಿನಯದಿಂದ ‘ಈ ಬಾರಿ ಆಗದು’ ಎನ್ನಲು ಕಲಿಯಿರಿ. ಆಟಕ್ಕೂ ಭಾನುವಾರದ ವಿಶ್ರಾಂತಿಗೂ ಅಳುಕಿಲ್ಲದೆ ಸಮಯ ಕೊಡಿ. ರಾತ್ರಿ ಮಲಗುವ ಮುನ್ನ ಐದು ನಿಮಿಷ ದೇವರ ಸನ್ನಿಧಿಯಲ್ಲಿ ಕುಳಿತು, ಇಂದು ಯಾವ ಕೆಲಸದಿಂದ ಓಡಿದೆ, ಏಕೆ ಓಡಿದೆ ಎಂದು ಕೇಳಿಕೊಳ್ಳಿ.

ಈಗಾಗಲೇ ಕಾಲ ಮೀರಿತೆಂದು ಕೊರಗುವವರಿಗೆ ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದ ಅಂಜೂರದ ಮರ ಭರವಸೆ ನೀಡುತ್ತದೆ. ಮೂರು ವರ್ಷ ಫಲ ಕೊಡದ ಆ ಮರಕ್ಕೆ ಇನ್ನೊಂದು ವರ್ಷ ದೊರೆಯಿತು. ಆದರೆ ತೋಟಗಾರನು ಸುಮ್ಮನೆ ಗಡುವು ಬೇಡಲಿಲ್ಲ. ಬುಡವನ್ನು ಅಗೆದು ಗೊಬ್ಬರ ಹಾಕುವುದಾಗಿ ಮಾತುಕೊಟ್ಟನು. ನಮ್ಮ ವಿದ್ಯಾರ್ಥಿ ಮಿತ್ರರೇ, ದೇವರು ಕಾಲಾವಕಾಶ ಕೊಡುತ್ತಾರೆ. ಅಗೆಯುವ ಕೆಲಸ ಇಂದೇ ಆರಂಭವಾಗಲಿ.