ಪರೋಟ, ಕೆಎಸ್ಸಾರ್ಟಿಸಿ ಮತ್ತು 'ಸ್ಥಳೀಯ' ಅಂದ್ರೆ ಯಾರು?

ಕಾಸರಗೋಡಿನ ಬಗ್ಗೆ ಗೊತ್ತಿಲ್ಲದವರಿಗೆ ಮೊದಲು ಒಂದು ಸಣ್ಣ ಪೀಠಿಕೆ. 1956ರ ನವೆಂಬರ್ 1ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಮೇಲೆ ಕೇರಳ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ನಾನು ಅಲ್ಲಿ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿ, ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ದುಬೈಯಲ್ಲಿ ಕೋಡ್ ಬರೀತಾ ಇದ್ದೇನೆ. ಕೇರಳದವರು ನನ್ನನ್ನು ಕನ್ನಡದವನು ಅಂತಾರೆ, ಬೆಂಗಳೂರಿನವರು 'ಓ ಕೇರಳನಾ?' ಅಂತಾರೆ. ಇಲ್ಲಿ ದುಬೈಯಲ್ಲಿ ಮಾತ್ರ ಗೊಂದಲ ಇಲ್ಲ, ಬರೀ 'ಹಿಂದಿ' ಅಂತಾರೆ. ಅರಬ್ಬಿಯಲ್ಲಿ ಹಾಗಂದ್ರೆ ಭಾರತದವನು :-)

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಡೆ ಮೂರು ಕಾನೂನು ಜಗಳ ಆದವು. ಒಂದು ತೆರಿಗೆಯದ್ದು, ಒಂದು ಟ್ರೇಡ್‌ಮಾರ್ಕಿನದ್ದು, ಇನ್ನೊಂದು ಸ್ಥಳೀಯರಿಗೆ ಕೆಲಸ ಕೊಡುವುದರದ್ದು. ಪೇಪರಿನಲ್ಲಿ ಮೂರೂ ಬೇರೆ ಬೇರೆ ಪುಟದಲ್ಲಿ ಬಂದವು. ಕಾಸರಗೋಡಿನಲ್ಲಿ ಕೂತು ಓದಿದರೆ ಮೂರೂ ಒಂದೇ ಜಗಳ. ಒಂದು ಪದದ ಅರ್ಥವನ್ನು ಯಾರು ಹೇಳಬೇಕು, ಅದು ತಪ್ಪಾದರೆ ದಂಡ ತೆರುವವರು ಯಾರು?

ಮೊದಲು ಪರೋಟ. ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿಯವರು ಪ್ಯಾಕೆಟ್ಟಿನಲ್ಲಿ ಮಲಬಾರ್ ಪರೋಟ ಮಾರ್ತಾರಲ್ಲ, ಅವರು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಹೋಗಿ ಒಂದು ಪ್ರಶ್ನೆ ಕೇಳಿದರು. ಚಪಾತಿ, ರೊಟ್ಟಿ, ಖಾಖ್ರಾಗಳಿಗೆ ಶೇ. 5 ತೆರಿಗೆ ಇದೆ, ನಮ್ಮ ಪರೋಟಕ್ಕೂ ಅಷ್ಟೇ ಅಲ್ವಾ? 2020ರ ಮೇ ತಿಂಗಳಲ್ಲಿ ಉತ್ತರ ಬಂತು: ಅಲ್ಲ, ಶೇ. 18. ಕಾರಣ ಕೇಳಿ. ರೊಟ್ಟಿ ತಿನ್ನಲು ತಯಾರಾದ ವಸ್ತುವಂತೆ. ಪ್ಯಾಕೆಟ್ಟಿನ ಪರೋಟವನ್ನು ತಿನ್ನುವ ಮೊದಲು ಕಾವಲಿಯಲ್ಲಿ ಬಿಸಿ ಮಾಡಬೇಕಂತೆ, ಹಾಗಾಗಿ ಅದು ಬೇರೆ ಶೀರ್ಷಿಕೆಯ ಕೆಳಗೆ ಬರ್ತದಂತೆ. ಹೋಟೆಲಿನಲ್ಲಿ ಬಡಿಸುವ ಪರೋಟಕ್ಕೆ ಮಾತ್ರ ಶೇ. 5! ಅಂದರೆ ಅದೇ ಮೈದಾ, ಅದೇ ಪದರ. ಕಾವಲಿ ಯಾರದ್ದು ಅನ್ನುವುದರ ಮೇಲೆ ತೆರಿಗೆ.

ಟ್ವಿಟರ್ ತುಂಬ ಗಲಾಟೆಯಾಯಿತು, ಉತ್ತರ-ದಕ್ಷಿಣ ಜಗಳವೂ ಆಯಿತು. ಕೇರಳದಲ್ಲಿ ಮಾಡರ್ನ್ ಫುಡ್ ಎಂಟರ್‌ಪ್ರೈಸಸ್‌ನವರಿಗೂ ಅಲ್ಲಿನ ಪ್ರಾಧಿಕಾರ ಶೇ. 18 ಅಂದಿತ್ತು. ಅವರು ಬಿಡಲಿಲ್ಲ, ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಪರೋಟಕ್ಕೆ ಶೇ. 5 ಅಂತ ತೀರ್ಪು ಕೊಟ್ಟಿತು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯೇ ಪರೋಟ, ಪರಾಠ, ರೊಟ್ಟಿ ಎಲ್ಲದಕ್ಕೂ ತೆರಿಗೆ ತೆಗೆದುಹಾಕಿತು. ಆ ತಿಂಗಳ 22ರಿಂದ ಅದು ಜಾರಿಗೆ ಬಂತು. ಆ ಪಟ್ಟಿಯಲ್ಲಿ ಒಂದು ಸಾಲಿದೆ, ನನಗೆ ಬಹಳ ಇಷ್ಟ. ಭಾರತೀಯ ಬ್ರೆಡ್ಡುಗಳು, ಯಾವ ಹೆಸರಿನಿಂದ ಕರೆದರೂ ಸರಿ, ಅನ್ನುವ ಅರ್ಥದ ಸಾಲು. ಐದು ವರ್ಷ ಹೆಸರಿಗಾಗಿ ಕಿತ್ತಾಡಿ ಕೊನೆಗೆ 'ಏನಾದ್ರೂ ಕರ್ಕೊಳ್ಳಿ ಮಾರಾಯ್ರೆ' ಅಂದ ಹಾಗೆ! ಇಲ್ಲಿ ದುಬೈಯಲ್ಲಿ 2018ರಿಂದ ವ್ಯಾಟ್ ಇದೆ, ಶೇ. 5. ಕೆಫೆಟೇರಿಯಾದಲ್ಲಿ ಕರಕ್ ಚಹಾದ ಜೊತೆ ತಿನ್ನುವ ಪರೋಟಕ್ಕೂ ಅಷ್ಟೇ, ಪಿಜ್ಜಾಕ್ಕೂ ಅಷ್ಟೇ.

ಈಗ ಬಸ್ಸು. ಕಾಸರಗೋಡು-ಮಂಗಳೂರು ರಸ್ತೆಯಲ್ಲಿ ಎರಡು ಕೆಎಸ್ಸಾರ್ಟಿಸಿ ಓಡ್ತವೆ, ಒಂದು ಕೇರಳದ್ದು, ಇನ್ನೊಂದು ಕರ್ನಾಟಕದ್ದು. ನಾವು ಸಣ್ಣವರಿದ್ದಾಗಿನಿಂದ 'ಕೇರಳ ಬಸ್ಸು', 'ಕರ್ನಾಟಕ ಬಸ್ಸು' ಅಂತಲೇ ಹೇಳ್ತೇವೆ. ಕಣ್ಣು ಕಾಣದ ಅಜ್ಜಿಯೂ ಹಾರ್ನ್ ಕೇಳಿಯೇ ಯಾವುದು ಅಂತ ಹೇಳಿಯಾಳು. ಆದರೆ ಈ ನಾಲ್ಕೈದು ಅಕ್ಷರಗಳ ಯಜಮಾನ ಯಾರು ಅಂತ ಎರಡು ಸರಕಾರಿ ನಿಗಮಗಳು ಸುಮಾರು ಹತ್ತು ವರ್ಷ ಜಗಳವಾಡಿದವು.

ಕೇರಳದ ನಿಗಮ ಹುಟ್ಟಿದ್ದು 1965ರಲ್ಲಿ. ನಮ್ಮಲ್ಲಿ ಆಗ ಅದು ಮೈಸೂರು ರಾಜ್ಯದ ನಿಗಮ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾದಾಗ ಎಮ್ ಹೋಗಿ ಕೆ ಬಂತು. ಅಂದರೆ ಬಳಕೆಯಲ್ಲಿ ಕೇರಳ ಮೊದಲು. ಆದರೆ ಟ್ರೇಡ್‌ಮಾರ್ಕ್ ನೋಂದಣಿಗೆ ಮೊದಲು ಎದ್ದು ಹೋದವರು ಕರ್ನಾಟಕದವರು. 2013ರಲ್ಲಿ ನೋಂದಣಿ ಸಿಕ್ಕಿತು, ಗಂಡಭೇರುಂಡದ ಲಾಂಛನ ಸಮೇತ. 2014ರಲ್ಲಿ 'ಈ ಹೆಸರು ಬಳಸಬೇಡಿ' ಅಂತ ಕೇರಳಕ್ಕೆ ನೋಟಿಸೂ ಹೋಯಿತು. ಕೇರಳದವರು ಚೆನ್ನೈಯ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ಆ ಮಂಡಳಿಯನ್ನೇ ಕೇಂದ್ರ ಸರಕಾರ ರದ್ದು ಮಾಡಿತು! ಕೇಸು ಮದ್ರಾಸ್ ಹೈಕೋರ್ಟಿಗೆ ಬಂತು. ಆ ವರ್ಷ ಜೂನ್‌ನಲ್ಲಿ 'ಹೆಸರು ಕೇರಳದ ಪಾಲು' ಅಂತ ಸುದ್ದಿಯೋ ಸುದ್ದಿ, ಕರ್ನಾಟಕದವರು ಹಾಗೇನೂ ಆಗಿಲ್ಲ ಅಂತ ಹೇಳಿಕೆ ಕೊಟ್ಟರು. 2023ರ ಡಿಸೆಂಬರಿನಲ್ಲಿ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು.

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಅಷ್ಟೇನೂ ದಡ್ಡ ಅಲ್ಲ. ಮೊದಲಿನಿಂದ ಬಳಸುತ್ತಾ ಬಂದವನಿಗೆ 34ನೇ ಸೆಕ್ಷನ್ ರಕ್ಷಣೆ ಕೊಡ್ತದೆ. ಇಬ್ಬರು ಪ್ರಾಮಾಣಿಕವಾಗಿ ಒಂದೇ ಹೆಸರನ್ನು ಜೊತೆಜೊತೆಗೆ ಬಳಸಿಕೊಂಡು ಬಂದಿದ್ದರೆ ಇಬ್ಬರಿಗೂ ನೋಂದಣಿ ಕೊಡಬಹುದು ಅಂತ 12ನೇ ಸೆಕ್ಷನ್ ಹೇಳ್ತದೆ. ಇಬ್ಬರು ಸಾರಿಗೆ ಮಂತ್ರಿಗಳು ತಲಪಾಡಿಯ ಯಾವುದಾದರೂ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಮುಗಿಸಬಹುದಾಗಿದ್ದ ವಿಷಯ ಅಂತ ನನ್ನ ಅನಿಸಿಕೆ. ಈ ಅಕ್ಷರಗಳು ಇಂಗ್ಲಿಷಿನವು ಅನ್ನೋದೂ ತಮಾಷೆಯೇ. ಕರ್ನಾಟಕ ಬಸ್ಸಿನ ಮೇಲೆ 'ಕ.ರಾ.ರ.ಸಾ. ನಿಗಮ' ಅಂತ ಕನ್ನಡದಲ್ಲೂ ಇದೆ. ಕೇರಳದ ಬಸ್ಸಿಗೆ, ಲಾಂಛನದ ಆನೆಗಳಿಂದಾಗಿ, ಜನ ಪ್ರೀತಿಯಿಂದ 'ಆನವಂಡಿ' ಅಂತಾರೆ. ಅವರವರ ಭಾಷೆಯಲ್ಲಿ ಕರೆದುಕೊಂಡಿದ್ದರೆ ಜಗಳವೇ ಇರಲಿಲ್ಲ. ಇರಲಿ ಬಿಡಿ, ಬಸ್ಸು ಯಾವುದಾದರೂ ಊರು ಸೇರ್ತದೆ.

ಮೂರನೆಯದ್ದು ಹಾಗಲ್ಲ. ಅದರಲ್ಲಿ ಮನೆಯವರೇ ಸಿಕ್ಕಿಹಾಕಿಕೊಳ್ತಾರೆ.

2024ರ ಜುಲೈ 15ರಂದು ಕರ್ನಾಟಕದ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಅಂತ. ತಪ್ಪಿದರೆ ದಂಡ 10,000ದಿಂದ 25,000 ರೂಪಾಯಿ. ಮುಖ್ಯಮಂತ್ರಿಗಳು ಸಿ ಮತ್ತು ಡಿ ದರ್ಜೆಗೆ ಶೇ. 100 ಅಂತ ಬರೆದು, ಆಮೇಲೆ ಅದನ್ನು ಅಳಿಸಿದರು. ನಾಸ್ಕಾಂ ವಿರೋಧಿಸಿತು. ಆಂಧ್ರದ ಐಟಿ ಮಂತ್ರಿ 'ನಮ್ಮ ವಿಶಾಖಪಟ್ಟಣಕ್ಕೆ ಬನ್ನಿ' ಅಂತ ಕರೆದರು. (ಅದೇ ಆಂಧ್ರದಲ್ಲಿ 2019ರಲ್ಲಿ ಹಿಂದಿನ ಸರಕಾರ ಶೇ. 75ರ ಕಾಯ್ದೆ ಮಾಡಿತ್ತು ಅನ್ನೋದನ್ನು ಯಾರೂ ನೆನಪಿಸಲಿಲ್ಲ.) ಜುಲೈ 17ಕ್ಕೆ ಮಸೂದೆಗೆ ತಡೆ. ಬರೋಬ್ಬರಿ ಎರಡು ದಿನ!

ಆ ಗಲಾಟೆಯಲ್ಲಿ ಎಲ್ಲರೂ ಶೇಕಡಾವಾರು ಬಗ್ಗೆಯೇ ಮಾತಾಡಿದರು. ನಾನು ಹುಡುಕಿದ್ದು ವ್ಯಾಖ್ಯಾನವನ್ನು, ಕಸುಬಿನ ಅಭ್ಯಾಸ. ಸ್ಥಳೀಯ ಅಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು. ಮತ್ತು 15 ವರ್ಷ ವಾಸ ಇರಬೇಕು. ಮತ್ತು ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಎಲ್ಲದರ ಮಧ್ಯೆ ಇರುವುದು 'ಮತ್ತು', 'ಅಥವಾ' ಅಲ್ಲ. ಪ್ರೋಗ್ರಾಮ್ ಬರೆಯುವವರಿಗೆ ಈ ಎರಡು ಪದಗಳ ವ್ಯತ್ಯಾಸ ಎಷ್ಟು ಜನರ ನಿದ್ದೆ ಕೆಡಿಸಿದೆ ಅಂತ ಗೊತ್ತು.

ಸುದ್ದಿ ಬಂದ ದಿನ ರಾತ್ರಿ ತಂಗಿಯ ಫೋನು. ಬಿ.ಕಾಂ. ಮುಗಿಸಿ ಮಂಗಳೂರಿನಲ್ಲಿ ಕೆಲಸ ಹುಡುಕ್ತಾ ಇದ್ದಳು.

'ಅಣ್ಣಾ, ನಾನು ಹುಟ್ಟಿದ್ದು ಮಂಗಳೂರಲ್ಲಿ ಅಲ್ವಾ? ಹಾಗಾದ್ರೆ ನಾನು ಸ್ಥಳೀಯ, ನೀನಲ್ಲ!'

ನಿಜವೇ. ನಮ್ಮ ಕಡೆ ಹೆರಿಗೆಗೆ ಮಂಗಳೂರಿನ ಆಸ್ಪತ್ರೆಗೆ ಹೋಗುವುದು ಮಾಮೂಲು. ಅವಳು ಅಲ್ಲಿ ಹುಟ್ಟಿದಳು, ನಾನು ಕಾಸರಗೋಡಿನಲ್ಲಿಯೇ. ಒಂದೇ ಮನೆ, ಒಂದೇ ಅಮ್ಮ, ಒಂದೇ ಕನ್ನಡ ಶಾಲೆ. ಒಬ್ಬಳು ಮೊದಲ ಷರತ್ತು ದಾಟ್ತಾಳೆ, ಇನ್ನೊಬ್ಬ ದಾಟುವುದಿಲ್ಲ. ಎರಡನೇ ಷರತ್ತು, ಆ 15 ವರ್ಷದ ವಾಸ, ಓದಿ ಹೇಳಿದಾಗ ಅವಳ ನಗು ನಿಂತಿತು. 'ಅಲ್ಲಿ ಮಲಯಾಳಂ ಸರಿ ಬರುವುದಿಲ್ಲ ಅಂತಾರೆ, ಇಲ್ಲಿ ಮನೆ ಸರಿ ಇಲ್ಲ ಅಂತಾರೆ. ನಾನೆಂತ ಮಾಡ್ಲಿ?' ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಥಳೀಯರಿಗೆ ಕೆಲಸ ಸಿಗಬೇಕು ಅನ್ನುವುದಕ್ಕೆ ನನ್ನ ವಿರೋಧ ಇಲ್ಲ, ತಪ್ಪು ತಿಳಿಯಬೇಡಿ. ನೆಲ, ನೀರು, ರಿಯಾಯಿತಿ ಪಡೆದ ಕಂಪನಿ ಪಕ್ಕದ ಹಳ್ಳಿಯ ಹುಡುಗನಿಗೆ ಸೆಕ್ಯುರಿಟಿ ಕೆಲಸ ಮಾತ್ರ ಕೊಟ್ಟರೆ ಸಿಟ್ಟು ಬರುವುದು ನ್ಯಾಯವೇ. ನಾನಿರುವ ದೇಶದಲ್ಲೂ ಇದೇ ಕಾನೂನಿದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಕೌಶಲದ ಹುದ್ದೆಗಳಲ್ಲಿ ಎಮಿರಾಟಿಗಳ ಸಂಖ್ಯೆಯನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಬೇಕು ಅಂತ 2022ರಲ್ಲಿ ಶುರು ಮಾಡಿದರು, 2026ರ ಕೊನೆಗೆ ಶೇ. 10 ಗುರಿ. ಕಡಿಮೆಯಾದ ಒಬ್ಬೊಬ್ಬರಿಗೂ ತಿಂಗಳಿಗೆ 6,000 ದಿರ್ಹಮ್ ದಂಡದಿಂದ ಶುರುವಾಗಿ ವರ್ಷಕ್ಕೆ ಸಾವಿರ ಏರುತ್ತಾ 2025ಕ್ಕೆ 9,000 ಆಯಿತು, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ, ಪ್ರತಿ ತಿಂಗಳು. ನಮ್ಮ ಮಸೂದೆಯ 25,000 ಅದರ ಮುಂದೆ ಟ್ರಾಫಿಕ್ ಫೈನಿನ ಹಾಗೆ. ಬರೀ ಲೆಕ್ಕಕ್ಕೆ ಹೆಸರು ಸೇರಿಸುವ ಕಂಪನಿಗಳಿಗೆ ಬೇರೆ ಶಿಕ್ಷೆ ಇದೆ. ನನಗೇನೂ ಬೇಸರ ಇಲ್ಲ. ಇಲ್ಲಿ ನಾನು ಹೊರಗಿನವನು ಅಂತ ವೀಸಾದಲ್ಲೇ ಬರೆದಿದೆ, ಎಮಿರಾಟಿ ಅಂದರೆ ಈ ದೇಶದ ಪೌರ, ಅಷ್ಟೇ.

ಭಾರತದಲ್ಲಿ ಹಾಗೆ ಮಾಡಲು ಬರುವುದಿಲ್ಲ, ಯಾಕಂದ್ರೆ ಪೌರತ್ವ ಒಂದೇ. ಎಲ್ಲಿ ಬೇಕಾದರೂ ನೆಲೆಸುವ, ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಸರಕಾರಿ ಕೆಲಸಕ್ಕೆ ವಾಸದ ಷರತ್ತು ಹಾಕಬೇಕಾದರೂ 16(3)ರ ಪ್ರಕಾರ ಸಂಸತ್ತೇ ಕಾನೂನು ಮಾಡಬೇಕು. ಹರಿಯಾಣದವರು ತಿಂಗಳಿಗೆ 30,000 ರೂಪಾಯಿವರೆಗಿನ ಕೆಲಸಗಳಲ್ಲಿ ಶೇ. 75 ಸ್ಥಳೀಯರಿಗೆ ಅಂತ ಕಾಯ್ದೆ ತಂದು 2022ರ ಜನವರಿಯಲ್ಲಿ ಜಾರಿ ಮಾಡಿದರು. 2023ರ ನವೆಂಬರ್ 17ಕ್ಕೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ಸಂವಿಧಾನಬಾಹಿರ ಅಂತ ರದ್ದು ಮಾಡಿತು. ಇದಾಗಿ ಎಂಟೇ ತಿಂಗಳಿಗೆ ನಮ್ಮವರು 'ಹುಟ್ಟಿದ' ಅನ್ನುವ ಇನ್ನೂ ಬಿಗಿಯಾದ ಪದ ಹಾಕಿ ಮಸೂದೆ ಬರೆದರು. ಯಾವ ವಕೀಲರು ನೋಡಿ ಕೊಟ್ಟರೋ!

ಸರೋಜಿನಿ ಮಹಿಷಿ ಸಮಿತಿ ಇದಕ್ಕಿಂತ ಉದಾರವಾಗಿತ್ತು. 1983ರಲ್ಲಿ ನೇಮಕವಾಗಿ 58 ಶಿಫಾರಸು ಕೊಟ್ಟ ಸಮಿತಿ. ಅವರ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಇದ್ದು ಕನ್ನಡ ಓದು, ಬರಹ, ಮಾತು ಬಂದರೆ ಕನ್ನಡಿಗ. ಹುಟ್ಟಿನ ಮಾತಿಲ್ಲ. ಬಿಹಾರದಿಂದ ಬಂದು ಪೀಣ್ಯದಲ್ಲಿ ಹದಿನೈದು ವರ್ಷ ದುಡಿದು ಕನ್ನಡ ಕಲಿತವನಿಗೆ ಅದರಲ್ಲಿ ಜಾಗ ಇದೆ. ಆದರೂ ನಮ್ಮಂಥ ಗಡಿನಾಡಿನವರಿಗೆ ಇಲ್ಲ.

ನಮಗೆ ಜಾಗ ಇರುವ ವ್ಯಾಖ್ಯಾನ ಕರ್ನಾಟಕ ಸರಕಾರದ ಹತ್ತಿರವೇ ಇದೆ, ಅದನ್ನು ಬಳಸಿಯೇ ನಾನು ಇಂಜಿನಿಯರ್ ಆದದ್ದು. ಸಿಇಟಿಯಲ್ಲಿ 'ಗಡಿನಾಡು ಕನ್ನಡಿಗ' ಅಂತ ಒಂದು ವರ್ಗ ಇದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಅತ್ತ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಇಂಥ ತಾಲೂಕುಗಳಲ್ಲಿ ಓದಿರಬೇಕು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. (ನೋಡಿ, 'ಅಥವಾ'!) ಪರೀಕ್ಷಾ ಪ್ರಾಧಿಕಾರದವರು ನಡೆಸುವ ಸಣ್ಣ ಕನ್ನಡ ಪರೀಕ್ಷೆ ಪಾಸಾಗಬೇಕು. ನಾನೂ ಬರೆದಿದ್ದೇನೆ. ನಾಲ್ಕನೇ ಕ್ಲಾಸಿನ ಮಟ್ಟದ್ದು, ಆದರೂ ಹಿಂದಿನ ರಾತ್ರಿ ಅಪ್ಪ ನನಗೆ ಗಾದೆಗಳನ್ನು ಉರು ಹೊಡೆಸಿದ್ದರು.

ಸೀಟು ಕೊಡುವಾಗ ನಾನು ಕನ್ನಡಿಗ, ಅದೇ ಸೀಟಿನಲ್ಲಿ ಓದಿ ಹೊರಗೆ ಬಂದು ಕೆಲಸ ಕೇಳಿದರೆ ಸ್ಥಳೀಯ ಅಲ್ಲ. ಇದು ಯಾವ ಲೆಕ್ಕ? ಆ ಮಸೂದೆಯನ್ನು ಯಾವತ್ತಾದರೂ ಮತ್ತೆ ಹೊರಗೆ ತೆಗೆಯುವುದಾದರೆ ನನ್ನದೊಂದು ಬೇಡಿಕೆ. 'ಹುಟ್ಟಿದ' ಅನ್ನುವ ಪದ ತೆಗೆಯಿರಿ, ಸಿಇಟಿಯ ಆ ಎರಡು ಸಾಲು ಸೇರಿಸಿ. ಅಷ್ಟು ಮಾಡಿದರೂ ಅದು 19ನೇ ವಿಧಿಯನ್ನು ದಾಟಿ ಕೋರ್ಟಿನಲ್ಲಿ ನಿಲ್ಲುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಬಿದ್ದರೂ ನಮ್ಮನ್ನು ಹೊರಗಿಟ್ಟು ಬೀಳುವುದು ಬೇಡ.

ತಂಗಿಗೆ 2025ರಲ್ಲಿ ಮಂಗಳೂರಿನಲ್ಲೇ ಕೆಲಸ ಸಿಕ್ಕಿತು, ಒಂದು ಆಡಿಟರ್ ಆಫೀಸಿನಲ್ಲಿ. ಇಂಟರ್‌ವ್ಯೂನಲ್ಲಿ ಊರು ಯಾವುದು ಅಂತ ಯಾರೂ ಕೇಳಲಿಲ್ಲವಂತೆ. ಜಿಎಸ್‌ಟಿ ರಿಟರ್ನ್ ಹಾಕಲು ಬರ್ತದಾ ಅಂತ ಕೇಳಿದರಂತೆ.