ಒಗ್ಗರಣೆ ಸಾಸಿವೆಯ ವಂಶಾವಳಿ

ಒಗ್ಗರಣೆಯಲ್ಲಿ ಚಟಪಟ ಸಿಡಿಯುವ ಕಂದು ಸಾಸಿವೆ, ಎರಡು ಬೇರೆ ಬೇರೆ ಪ್ರಭೇದಗಳು ಕೂಡಿ ಹುಟ್ಟಿದ ಗಿಡ. ಒಂದು ಕಡೆ ಟರ್ನಿಪ್ ಗಡ್ಡೆ ಸೇರಿರುವ ಪ್ರಭೇದ. ಅದರ ಜೀವಕೋಶದಲ್ಲಿ 20 ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು. ಇನ್ನೊಂದು ಕಡೆ ಕಪ್ಪು ಸಾಸಿವೆ, ಅದಕ್ಕೆ 16. ಕಂದು ಸಾಸಿವೆಗೆ 36. ಸಾಸಿವೆ, ಕೋಸುಗಳ ಈ ನೆಂಟಸ್ತಿಕೆಯನ್ನು 1935ರಲ್ಲಿ ಒಂದು ತ್ರಿಕೋನವಾಗಿ ಬಿಡಿಸಿಟ್ಟವರು ಸಸ್ಯವಿಜ್ಞಾನಿ ನಾಗಹಾರು ಯು, ಜಪಾನಿನಲ್ಲಿ ಹುಟ್ಟಿದ, ಕೊರಿಯನ್ ತಂದೆಯ ಮಗ.

ಪ್ರಭೇದ ಯಾವುದೆಂದು ರೂಪ ನೋಡಿ ಹೇಳಹೊರಟರೆ ಈ ಕುಟುಂಬ ನಮ್ಮನ್ನು ಚೆನ್ನಾಗಿಯೇ ಏಮಾರಿಸುತ್ತದೆ. ಎಲೆಕೋಸು, ಹೂಕೋಸು, ನವಿಲುಕೋಸು ಒಂದನ್ನೊಂದು ಎಲ್ಲಿಯೂ ಹೋಲುವುದಿಲ್ಲ. ಆದರೆ ಮೂರೂ ಒಂದೇ ಪ್ರಭೇದ, ಕೂಡಿಸಿದರೆ ಸಲೀಸಾಗಿ ಬೀಜ ಕಟ್ಟುತ್ತವೆ. ಕಪ್ಪು, ಕಂದು ಸಾಸಿವೆಗಳ ಕಾಳನ್ನು ಬೇರ್ಪಡಿಸಲು ಕಣ್ಣು ಕಿರಿದು ಮಾಡಬೇಕು. ಅವು ಎರಡು ಪ್ರಭೇದ. ಸಂತಾನ ಫಲವಂತವಾಗುತ್ತದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಸಾಮಾನ್ಯವಾಗಿ ಹೊಸ ಪ್ರಭೇದಕ್ಕೆ ದೂರವೂ ಕಾಲವೂ ಬೇಕು. ಪಾಲಕ್ಕಾಡ್ ಕಣಿವೆಯ ಆಚೀಚೆ ಬೆಟ್ಟಗಳ ನೆತ್ತಿಯ ಶೋಲಾ ಕಾಡಿಗೆ ಅಂಟಿಕೊಂಡ ಕೆಲವು ಹಕ್ಕಿಗಳು ಲಕ್ಷಾಂತರ ವರ್ಷ ಬೇರೆಯಾಗಿದ್ದು, ಬೇರೆ ಬೇರೆ ಪ್ರಭೇದಗಳಾಗಿವೆ. ಸಾಸಿವೆ ಹಿಡಿದದ್ದು ಒಳದಾರಿ.

ಟರ್ನಿಪ್ ಪ್ರಭೇದವೂ ಕಪ್ಪು ಸಾಸಿವೆಯೂ ಕೂಡಿದಾಗ ಹುಟ್ಟುವ ಗಿಡಕ್ಕೆ ತಂದೆತಾಯಿಯಿಂದ ಅರ್ಧರ್ಧ ಪಾಲು ಬರುತ್ತದೆ: 10 ಮತ್ತು 8, ಒಟ್ಟು 18. ಪರಾಗ ಕಟ್ಟುವ ಹೊತ್ತಿಗೆ ಪ್ರತಿ ವರ್ಣತಂತುವೂ ತನ್ನ ಜೊತೆಗಾರನನ್ನು ಹುಡುಕಿ ನಿಲ್ಲಬೇಕು. ಇಲ್ಲಿ ಒಂದಕ್ಕೂ ಸರಿಯಾದ ಜೊತೆಯಿಲ್ಲ, ಹಾಗಾಗಿ ಗಿಡ ಬಹುಮಟ್ಟಿಗೆ ಬಂಜೆ. 63 ವರ್ಣತಂತುಗಳ ಹೇಸರಗತ್ತೆಯ ಪಾಡೂ ಇದೇ. ಆದರೆ ಗಿಡಗಳಲ್ಲಿ ಅಪರೂಪಕ್ಕೆ ಕೋಶ ವಿಭಜನೆ ಎಡವುತ್ತದೆ: ವರ್ಣತಂತುಗಳ ನಕಲು ತಯಾರಾಗುತ್ತದೆ, ಹಂಚಿಕೆ ಮಾತ್ರ ಆಗುವುದಿಲ್ಲ. 18 ಇದ್ದದ್ದು 36 ಆಗುತ್ತದೆ. ಈಗ ಪ್ರತಿಯೊಂದಕ್ಕೂ ಅದರ ನಕಲೇ ಜೊತೆ, ಬೀಜ ಕಟ್ಟುತ್ತದೆ. ಮರಳಿ ಟರ್ನಿಪ್ ಕಡೆಯ ಹಿರಿಯರೊಂದಿಗೆ ಕೂಡಿದರೆ? 18ಕ್ಕೆ 10 ಸೇರಿ 28, ಅದರಲ್ಲಿ ಎಂಟಕ್ಕೆ ಜೊತೆಯಿಲ್ಲ. ಆ ಸಂತಾನ ಸೊರಗುತ್ತದೆ. ಹೆತ್ತವರ ಮನೆಬಾಗಿಲು ಹೀಗೆ ಒಂದೆರಡು ತಲೆಮಾರಿನಲ್ಲೇ ಮುಚ್ಚಿಬಿಡುತ್ತದೆ. ಗೋಧಿಯ ಹಿಂದೆಯೂ ಇಂಥದೇ ಕತೆಯಿದೆ. ಹತ್ತಿಯದ್ದೂ ಅಷ್ಟೆ: ಧಾರವಾಡ ಸೀಮೆಯ ಜಯಧರ್ ಹತ್ತಿಗೆ 26 ವರ್ಣತಂತು, ಅಮೆರಿಕ ಮೂಲದ ಹತ್ತಿಗೆ 52.

ಸಾಸಿವೆ ಹುಟ್ಟಿದ್ದನ್ನು ಕಂಡವರಿಲ್ಲ. ಟ್ರ್ಯಾಗೋಪೋಗನ್ ಎಂಬ ಕಾಡುಗಿಡದ್ದು ಹಾಗಲ್ಲ. ಯುರೋಪಿನ ಅದರ ಮೂರು ಪ್ರಭೇದಗಳು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗಕ್ಕೆ ಬಂದು, ರಸ್ತೆಬದಿ, ಪಾಳುಜಾಗಗಳಲ್ಲಿ ಒತ್ತೊತ್ತಾಗಿ ಬೆಳೆದವು. ಮೂರಕ್ಕೂ ತಲಾ 12 ವರ್ಣತಂತು. ಅಲ್ಲಿನ ಸಸ್ಯವಿಜ್ಞಾನಿ ಮೇರಿಯನ್ ಓನ್‌ಬಿ ಅವುಗಳ ಮಧ್ಯೆ ದಷ್ಟಪುಷ್ಟವಾದ, ಬೀಜ ಕಟ್ಟುವ ಅಪರಿಚಿತ ಗಿಡಗಳನ್ನು ಕಂಡರು. ಎಣಿಸಿದರೆ 24. 1950ರಲ್ಲಿ ಅವರು ಎರಡು ಹೊಸ ಪ್ರಭೇದಗಳಿಗೆ ಹೆಸರಿಟ್ಟರು: ಮೈರಸ್ ಮತ್ತು ಮಿಸೆಲಸ್. ಅವುಗಳ ವಯಸ್ಸು ಆಗ ಕೆಲವೇ ದಶಕ.

ಮುಂದೆ ಸಸ್ಯವಿಜ್ಞಾನಿಗಳಾದ ಪ್ಯಾಮ್ ಮತ್ತು ಡಗ್ ಸೋಲ್ಟಿಸ್ ದಂಪತಿ ಈ ಗಿಡಗಳ ಬೆನ್ನುಬಿದ್ದಾಗ ತಿಳಿದದ್ದು ಇನ್ನೂ ಸೋಜಿಗದ್ದು. ಮಿಸೆಲಸ್ ಹುಟ್ಟಿದ್ದು ಒಂದು ಸಲವಲ್ಲ. ಬೇರೆ ಬೇರೆ ಊರುಗಳಲ್ಲಿ, ತನ್ನಷ್ಟಕ್ಕೆ, ಹಲವು ಸಲ. ಪುಲ್‌ಮನ್ ಊರಿನದಕ್ಕೆ ಹೂದಳ ಉದ್ದ, ಉಳಿದೆಡೆ ಗಿಡ್ಡ. ಏಕೆಂದರೆ ಅಲ್ಲಿ ತಾಯಿಯಾದ ಪ್ರಭೇದ ಉಳಿದೆಡೆ ತಂದೆಯಾಗಿದೆ. ಒಂದು ಪ್ರಭೇದಕ್ಕೆ ಒಂದೇ ಮೂಲಪುರುಷ ಎಂಬ ನಮ್ಮ ಎಣಿಕೆಯನ್ನು ಇಲ್ಲಿ ಬದಿಗಿಡಬೇಕಾಗುತ್ತದೆ. ಇನ್ನೊಂದು ವಿಷಯ: ಇಮ್ಮಡಿಯಾದ ಜೀನುಗಳ ಹೊರೆಯನ್ನು ಈ ಗಿಡಗಳು ಸುಮಾರು 40 ತಲೆಮಾರುಗಳಲ್ಲೇ ಇಳಿಸತೊಡಗಿವೆ. ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದ ಗುಂಪುಗಳು ಕಳೆದುಕೊಂಡ ಜೀನುಗಳಲ್ಲಿ ಅನೇಕವು ಮಾತ್ರ ಒಂದೇ.