ಹೆಸರು ಒತ್ತದ ಕೈ: ವಿಶಾಖಪಟ್ಟಣದ ದಂತದ ಕೆಲಸ

ಬೋಸ್ಟನ್ನಿನ ಅಕ್ಕಸಾಲಿ ಪಾಲ್ ರಿವಿಯರ್ ತಾನು ಮಾಡಿದ ಬೆಳ್ಳಿ ಬಟ್ಟಲಿಗೆ ತನ್ನ ಹೆಸರನ್ನೇ ಒತ್ತುತ್ತಿದ್ದ. ಅದೇ 18ನೇ ಶತಮಾನದಲ್ಲಿ ವಿಶಾಖಪಟ್ಟಣದಲ್ಲಿ ದಂತದ ಪೆಟ್ಟಿಗೆ ಮಾಡಿದವರಾರು? ಪೆಟ್ಟಿಗೆಯ ಮೇಲೆ ಹೆಸರಿಲ್ಲ. ಕಂಸಾಲಿಗಳು, ನಮ್ಮ ಅಕ್ಕಸಾಲಿಗರ ಬಳಗದವರೇ, ಅನ್ನುತ್ತಾರೆ.

ಹಾಗಾದರೆ ಕೆಲಸವನ್ನೇ ಓದೋಣ. ಹತ್ತಿರದಿಂದ ನೋಡಿ: ಮರದ ಮೇಲೆ ತೆಳುವಾದ ದಂತದ ಹಾಳೆ. ಅದರಲ್ಲಿ ಗೆರೆ ಕೊರೆದು, ಬಿಸಿ ಕಪ್ಪು ಅರಗು ತುಂಬಿ, ಮೇಲೆ ಉಜ್ಜಿದರೆ ಗೆರೆಯೊಳಗೆ ಮಾತ್ರ ಕಪ್ಪು ಉಳಿಯುತ್ತೆ. ಅಂಚಿಗೆ ಹೂಬಳ್ಳಿ. ನಡುವೆ, ತಮಾಷೆ ನೋಡಿ, ಇಂಗ್ಲಿಷ್ ಅಚ್ಚುಚಿತ್ರ ನೋಡಿ ಕೆತ್ತಿದ ಬಂಗಲೆ! ಕೆಲವಕ್ಕೆ ಬೆಳ್ಳಿಯ ಬೀಗದ ಪಟ್ಟಿ.

ಕೊಂಡವರ ಹೆಸರು ಮಾತ್ರ ಭದ್ರವಾಗಿದೆ. ಮದ್ರಾಸಿನ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ವಿಂಚ್ ಬಳಿಯಿದ್ದ ವಿಶಾಖಪಟ್ಟಣದ ದಂತದ ಕುರ್ಚಿಗಳನ್ನು 1781ರಲ್ಲಿ ಮೂರನೇ ಜಾರ್ಜ್ ದೊರೆ ರಾಣಿ ಶಾರ್ಲೆಟ್‌ಗಾಗಿ ಹರಾಜಿನಲ್ಲಿ ಕೊಂಡ. ಈಗಲೂ ಅವು ಬ್ರಿಟನ್ ರಾಜಮನೆತನದ ಸಂಗ್ರಹದಲ್ಲೇ ಇವೆ.